ಅತ್ತೆ ಮುಚ್ಚದ ಪುಟಗಳು

ನಮ್ಮತ್ತೆ ವೇಣೂಬಾಯಿ ಅನ್ನ ಬಿಟ್ಟಿದ್ದಾರೆ ಎಂದು ಅಕ್ಕಲಕೋಟದಿಂದ ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ವರದಾ ಫೋನು ಮಾಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಸಕ್ಕರೆ ಕಾಯಿಲೆಯವರು. ಹೊತ್ತಿಗೆ ಸರಿಯಾಗಿ ಎರಡು ತುತ್ತು ಬೀಳದಿದ್ದರೆ ಕಣ್ಣು ಕತ್ತಲೆ ಬಂದು ಕುಸಿಯುವವರು. ಈ ವಯಸ್ಸಿಗೆ ಇದೆಂಥ ಹಟ?

"ಗುರುವಾರದ ಆರತಿ ಕಾಣವಲ್ದಂತ," ಎಂದಳು ವರದಾ. "ಬರೋಬ್ಬರಿ ಆರತಿ ಚಾಲೂ ಆಗೂ ಹೊತ್ತಿಗೆ ಟ್ಯಾಬ್ ತಾನ ಕರ್ರಗಾಗತೈತಿ. ಸ್ವಾಮಿ ಮಾರಿ ತಿರುವ್ಯಾನ, ಆರತಿ ಪೂರಾ ತೋರಸೂತನಕ ನಾ ಅನ್ನ ಮುಟ್ಟಂಗಿಲ್ಲ ಅಂತ ಕುಂತಾರ. ಬರೇ ಹಾಲು, ಒಂದು ಬಾಳಿಹಣ್ಣು. ನಿಮ್ಮ ಭಾವಾರು ಹೇಳಿ ಹೇಳಿ ಸಾಕಾದ್ರು. ನೀ ಅದನ್ನ ಓದಿದಾಕಿ, ನೀನ ಬಾ ಶ್ರೀ."

ಅದನ್ನೇ ಓದಿದವಳು ಎಂಬುದೇನೋ ನಿಜ. ಫೋನಿನಲ್ಲಾಗಲಿ ಕಂಪ್ಯೂಟರಿನಲ್ಲಾಗಲಿ ನಾವು ಪುಟ ತೆರೆದು ನೋಡುವ ಬ್ರೌಸರ್ ಇರುತ್ತದಲ್ಲ, ಅದರ ಮೆಮರಿಯೊಳಗೆ ಎಲ್ಲಿ ಜಾಗದ ಲೆಕ್ಕ ತಪ್ಪಿದೆ, ಆ ಸಂದಿಯಿಂದ ಕಳ್ಳ ಹೇಗೆ ನುಗ್ಗಬಹುದು ಎಂದು ಹುಡುಕಿ, ಅದನ್ನು ಮಾಡಿದ ಕಂಪನಿಗೇ ತಿಳಿಸುವುದು ನನ್ನ ಕೆಲಸ. ಸೋಲಾಪುರದ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮಾಡುತ್ತೇನೆ. ಗಂಡ ಮಯೂರ ಬ್ಯಾಂಕಿಗೆ ಹೋದ ಮೇಲೆ ನಾನು, ಕೂಲರಿನ ಗರಗರ, ಪಕ್ಕದ ಓಣಿಯ ಮಗ್ಗಗಳ ಸದ್ದು, ಅಷ್ಟೇ. ಸೊಸೆ ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅತ್ತೆ, "ಕಂಪ್ಯೂಟರದಾಗಿನ ಹೇನು ಹೆಕ್ಕತಾಳ," ಎನ್ನುತ್ತಿದ್ದರು. ನನ್ನ ಕೆಲಸವನ್ನು ಅಷ್ಟು ಸರಿಯಾಗಿ ಬೇರೆ ಯಾರೂ ಹೇಳಿಲ್ಲ ಬಿಡಿ.

ಆ ಗುರುವಾರ ಅಕ್ಕಲಕೋಟಕ್ಕೆ ಹೋದೆ. ಅತ್ತೆ ನಂಬಿದ ಸ್ವಾಮಿಯ ಗುಡಿ ಮನೆಯಿಂದ ನಾಲ್ಕು ಓಣಿ ಆಚೆ. ಆದರೆ ಗುರುವಾರ ಪುಣೆ, ಮುಂಬಯಿಯ ಕಾರುಗಳು ಬಂದು ನಿಂತು ಕಾಲಿಡಲು ಜಾಗವಿರುವುದಿಲ್ಲ. ಮೊಣಕಾಲಿನ ಆಪರೇಷನ್ ಆದ ಮೇಲೆ ಅತ್ತೆಗೆ ಪಾಳಿಯ ಸಾಲಿನಲ್ಲಿ ನಿಲ್ಲಲಾಗದು. ಯಾರೋ ಭಕ್ತರು ಅಂತರ್ಜಾಲದಲ್ಲಿ ಒಂದು ಪುಟ ನಡೆಸುತ್ತಾರೆ. ಹಗಲೆಲ್ಲ ಅದರಲ್ಲಿ ಸ್ವಾಮಿಯ ಫೋಟೋ ಇರುತ್ತದೆ, ಸಂಜೆಗೆ ಫೋಟೋ ಸರಿದು ನೇರ ಆರತಿ ಬರುತ್ತದೆ. ಅತ್ತೆ ದೇವರ ಕೋಣೆಯಲ್ಲಿ ಮಣೆಯ ಮೇಲೆ ಟ್ಯಾಬ್ ನಿಲ್ಲಿಸಿ, ಅದಕ್ಕೆ ಒಂದು ಹೂ ಏರಿಸಿ, ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ನಾನು ಟ್ಯಾಬ್ ಕೈಗೆತ್ತಿಕೊಂಡು ನೋಡಿದೆ. ಎಷ್ಟು ಪುಟ ತೆರೆದಿವೆ ಎಂದು ತೋರಿಸುವ ಮೂಲೆಯಲ್ಲಿ ಅಂಕಿಯೇ ಇರಲಿಲ್ಲ. ಬ್ರೌಸರ್ ಎಣಿಸುವುದನ್ನೇ ಕೈಬಿಟ್ಟಿತ್ತು! ಒಂದೊಂದಾಗಿ ಸರಿಸಿದೆ. ಪಂಢರಪುರದ ವಿಠೋಬ, ತುಳಜಾಪುರದ ಅಂಬಾಬಾಯಿ, ಸೋಲಾಪುರದ ಸಿದ್ಧೇಶ್ವರ, ಗಾಣಗಾಪುರದ ದತ್ತ, ಮತ್ತೆ ವಿಠೋಬ, ಮತ್ತೆ ದತ್ತ. ಎಲ್ಲಕ್ಕಿಂತ ಮೊದಲು ತೆರೆದದ್ದು ಸ್ವಾಮಿಯ ಪುಟ. ಪ್ರತಿ ಗುರುವಾರ ಅದೇ ಹಳೆಯ ಪುಟಕ್ಕೆ ಬರುತ್ತಿದ್ದರು.

"ಇವನ್ನೆಲ್ಲಾ ಯಾಕ ಮುಚ್ಚಿಲ್ರಿ ಅತ್ತಿ?"

"ದೇವರ ಮಾರಿ ಮ್ಯಾಲ ಕದಾ ಹಾಕಂತೀ ಏನ?"

"ಗುಡ್ಯಾಗ ರಾತ್ರಿ ಹಾಕತಾರಲ್ಲರಿ?"

"ಅದು ಪೂಜಾರಿ ಅಧಿಕಾರ. ನಂದಲ್ಲ," ಎಂದು ಟ್ಯಾಬ್ ಕಸಿದುಕೊಂಡು ಸೆರಗಿನಿಂದ ಒರೆಸಿದರು.

ಸಂಜೆಯಾಯಿತು. ವರದಾ ದೀಪ ಹಚ್ಚಿದಳು. ಅತ್ತೆ ಸ್ವಾಮಿಯ ಪುಟವನ್ನು ಬೆರಳಿನಿಂದ ಮುಟ್ಟಿದರು, ಫೋಟೋ ಬೆಳಗಿತು. ಗುಡಿಯ ಗಂಟೆ ನಮ್ಮ ಮನೆಗೆ ನೇರವಾಗಿಯೇ ಕೇಳುತ್ತದೆ. ಅದು ಕೇಳಿದ ಕೂಡಲೇ ಫೋಟೋ ಸರಿಯಿತು, ಆರತಿಯ ತಟ್ಟೆಯ ಅಂಚು ಕಂಡಿತೋ ಇಲ್ಲವೋ, ಇಡೀ ಬ್ರೌಸರ್ ಮಾಯವಾಗಿ ಟ್ಯಾಬ್ ಕರ್ರಗಾಯಿತು. ಕಪ್ಪು ಗಾಜಿನಲ್ಲಿ ಅತ್ತೆಯ ಮುಖವೇ ಕಾಣುತ್ತಿತ್ತು. ಅವರು ಕೈ ಮುಗಿದು, "ಹಂಗಾದ್ರ ಹಂಗ ಆಗಲಿ," ಎಂದರು, ಯಾರೋ ಬೈದದ್ದನ್ನು ಒಪ್ಪಿಕೊಂಡವರ ಹಾಗೆ. ಇದೇ ಆರತಿಯನ್ನು ನನ್ನ ಫೋನಿನಲ್ಲಿ ತೆರೆದು ಮುಂದೆ ಹಿಡಿದೆ, ಚೆನ್ನಾಗಿ ಬರುತ್ತಿತ್ತು. ಅತ್ತೆ ನೋಡಲಿಲ್ಲ.

"ನಿನ್ನ ಫೋನಿನ್ಯಾಗ ಬಂದದ್ದು ನಿನಗ ಬಂದದ್ದು. ನನಗ ಬಂದಿಲ್ಲ."

ಅತ್ತೆ ನಿದ್ದೆ ಹೋದಾಗ ಎಲ್ಲ ಪುಟ ಮುಚ್ಚಿ ಹೊಸ ಬ್ರೌಸರ್ ಹಾಕಿಬಿಡು, ಪೀಡೆ ಹೋಗಲಿ ಎಂದರು ಭಾವ ವಿಶ್ವನಾಥ. ಕೋರ್ಟಿನ ಕಾರಕೂನರು, ಎಲ್ಲಕ್ಕೂ ಅವರದು ಇಂಥದೇ ತೀರ್ಪು. ನಾನು ಒಪ್ಪಲಿಲ್ಲ. ಬೆಳಗ್ಗೆ ಎದ್ದು ತಮ್ಮ ದೇವರು ಒಬ್ಬರೂ ಇಲ್ಲದ್ದನ್ನು ಕಂಡರೆ ಅತ್ತೆ ಹಾಲೂ ಬಿಟ್ಟಾರು. ಅದೂ ಅಲ್ಲದೆ, ಒಂದೇ ಜಾಗದಲ್ಲಿ, ಒಂದೇ ಕ್ಷಣಕ್ಕೆ ಬ್ರೌಸರ್ ಹೀಗೆ ಬೀಳುವುದು ಎಂದರೆ ಒಳಗೆ ಏನೋ ತೂತು ಇದೆ ಎಂದೇ ಅರ್ಥ. ಮುಚ್ಚಿದರೆ ತೂತು ಕಾಣದಾಗುತ್ತದೆ, ಹೋಗುವುದಿಲ್ಲ. ಬ್ರೌಸರ್ ಬಿದ್ದಾಗ ಟ್ಯಾಬ್ ಉಳಿಸಿಕೊಂಡಿದ್ದ ಗುರುತುಗಳನ್ನು ನಕಲು ಮಾಡಿಕೊಂಡು ಸೋಲಾಪುರಕ್ಕೆ ಬಂದೆ, ಕಂಪನಿಗೆ ಬರೆದೆ.

ಅವರ ಉತ್ತರ ಬಹಳ ವಿನಯದ್ದು. ನೀವು ಹೇಳಿದ ಪುಟ ತೆರೆದು ನೋಡಿದೆವು, ನಮ್ಮಲ್ಲಿ ಏನೂ ಬೀಳುತ್ತಿಲ್ಲ, ಮತ್ತೆ ಮಾಡಿ ತೋರಿಸುವ ದಾರಿ ಇದ್ದರೆ ತಿಳಿಸಿ, ಇಲ್ಲದಿದ್ದರೆ ಈ ವಿಷಯ ಮುಗಿಸುತ್ತೇವೆ. ಸುಡುಗಾಡು ವಿನಯ! ನಾನೂ ತೆರೆದು ನೋಡಿದೆ. ನನ್ನಲ್ಲೂ ಬೀಳಲಿಲ್ಲ. ಫೋಟೋ ಸರಿಯಿತು, ಆರತಿ ಬಂತು, ಮುಗಿಯಿತು, ಮುಚ್ಚಿದೆ. ಮರುದಿನ ಸಂಜೆ ಮತ್ತೆ ತೆರೆದೆ, ಮತ್ತೆ ಬಂತು, ಮತ್ತೆ ಮುಚ್ಚಿದೆ. ಅತ್ತ ವರದಾ ದಿನಾ ಫೋನು ಮಾಡುತ್ತಿದ್ದಳು. ಸಕ್ಕರೆ ಒಮ್ಮೆ ಇಳಿಯುತ್ತದೆ, ಒಮ್ಮೆ ಏರುತ್ತದೆ, ಡಾಕ್ಟರು ಬೈದರು, ಅತ್ತೆ ನಕ್ಕರು.

ಆ ದಿನಗಳಲ್ಲಿ ಸೋಲಾಪುರದ ಬಿಸಿಲು ಮನುಷ್ಯರನ್ನು ಎಚ್ಚರವಾಗಿರಲು ಬಿಡುತ್ತಿರಲಿಲ್ಲ. ಊಟವಾದ ಮೇಲೆ ಇಡೀ ಓಣಿ ಕದ ಮುಚ್ಚಿ ಮಲಗುತ್ತಿತ್ತು. ನನ್ನ ಕಂಪ್ಯೂಟರ್ ತಾನಾಗಿ ಪುಟಗಳನ್ನು ತೆರೆಯುತ್ತ ಮುಚ್ಚುತ್ತ ತಪ್ಪು ಹುಡುಕುತ್ತಿತ್ತು, ನಾನು ಅದರ ಪಕ್ಕ ಚಾಪೆಯ ಮೇಲೆ. ನಿದ್ದೆ ಎಲ್ಲಿ ಶುರುವಾಗುತ್ತಿತ್ತೋ ಗೊತ್ತಾಗುತ್ತಿರಲಿಲ್ಲ. ಮಗ್ಗದ ಸದ್ದು ನಿಧಾನವಾಗುತ್ತ ಆಗುತ್ತ ಯಾರೋ ನಡೆಯುವ ಸದ್ದಾಗುತ್ತಿತ್ತು.

ಒಂದು ಮಧ್ಯಾಹ್ನ ಹಾಗೆ ನಡೆಯುತ್ತಿದ್ದವರು ಅತ್ತೆ. ಉದ್ದನೆಯ ಪಡಸಾಲೆ, ಯಾತ್ರಿಕರ ಧರ್ಮಶಾಲೆಯದು, ಎರಡೂ ಬದಿ ಕೋಣೆಗಳು. ಅದು ಮೆಮರಿ ಎಂದು ಕನಸಿನಲ್ಲಿ ನನಗೆ ಗೊತ್ತಿತ್ತು, ಆಶ್ಚರ್ಯವೂ ಆಗಲಿಲ್ಲ. ಅತ್ತೆಗೆ ಮೊಣಕಾಲಿನ ನೋವಿರಲಿಲ್ಲ. ಕೈಯಲ್ಲಿ ನೀಲಾಂಜನ ಹಿಡಿದು ಒಂದೊಂದೇ ಕೋಣೆಯಲ್ಲಿ ಇಣುಕುತ್ತಿದ್ದರು. ಒಳಗೆ ದೇವರುಗಳು ಮಲಗಿದ್ದರು. ವಿಠೋಬ ಸೊಂಟದ ಮೇಲಿನ ಕೈ ತೆಗೆದು ತಲೆಯ ಕೆಳಗೆ ಇಟ್ಟುಕೊಂಡಿದ್ದ. ದತ್ತನ ಮೂರೂ ತಲೆಗಳಿಗೆ ಒಂದೇ ದಿಂಬು.

"ಸುಮ್ಮನ ಬಾ, ನಿದ್ದಿ ಹತ್ತೈತಿ ಅವರಿಗೆ," ಎಂದರು ಅತ್ತೆ.

"ಯಾಕ ಮಲಗ್ಯಾರರಿ?"

"ನಾ ಭಾಳ ದಿನಾ ಮಾತಾಡಸಲಿಲ್ಲಲ್ಲ."

ಕೊನೆಯ ಕೋಣೆಯ ಮುಂದೆ ನಿಂತು ಸ್ವಾಮಿಯನ್ನು ಕರೆದರು. ಸ್ವಾಮಿ ಎದ್ದು, ಕಣ್ಣುಜ್ಜಿಕೊಂಡು, ನಮ್ಮ ಪಕ್ಕದಿಂದಲೇ ಹಾದು ಆರತಿಗೆಂದು ಹೊರಗೆ ಹೋದ. ಆದರೆ ಅತ್ತೆಯ ಕೈಯ ದೀಪ ಮಾತ್ರ ಅದೇ ಖಾಲಿ ಕೋಣೆಯತ್ತಲೇ ಹೋಗುತ್ತಿತ್ತು. ಅಲ್ಲಿ ಯಾರೋ ಗೋಡೆಗೆ ಮುಖ ಮಾಡಿ ಕೂತಿದ್ದರು. ಅವರು ತಿರುಗುವುದರೊಳಗೆ ನನಗೆ ಎಚ್ಚರವಾಯಿತು, ಮೈಯೆಲ್ಲ ಬೆವರು.

ಚಾಪೆಯ ಮೇಲೆ ಎದ್ದು ಕೂತೆ. ನಿದ್ದೆ! ಬಹಳ ಹೊತ್ತು ಮುಟ್ಟದ ಪುಟವನ್ನು ಬ್ರೌಸರ್ ಮಲಗಿಸುತ್ತದೆ, ಜಾಗ ಉಳಿಯಲಿ ಎಂದು. ಮತ್ತೆ ಮುಟ್ಟಿದಾಗ ಎಬ್ಬಿಸುತ್ತದೆ. ಕಂಪನಿಯವರು ಪುಟವನ್ನು ಹೊಸದಾಗಿ ತೆರೆದಿದ್ದರು, ನಾನೂ ಹಾಗೇ. ಮಲಗಿ ಎದ್ದ ಪುಟವನ್ನು ನಾವು ಯಾರೂ ನೋಡಿರಲಿಲ್ಲ. ನೋಡುವುದಾದರೂ ಹೇಗೆ, ಕೆಲಸ ಮುಗಿದ ಕೂಡಲೇ ಮುಚ್ಚುವ ಜನ ನಾವು. ಒಂದು ವಾರ ಪುಟ ಮುಚ್ಚದೆ, ಅದರ ಮೇಲೆ ಪುಟಗಳ ರಾಶಿ ಹಾಕಿ, ಮತ್ತೆ ಅದೇ ಹಳೆಯದಕ್ಕೆ ಭಕ್ತಿಯಿಂದ ಬರುವವರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರು?

ನಾನು ಅತ್ತೆಯಾಗಬೇಕಾಯಿತು. ಹಳೆಯ ಟ್ಯಾಬ್ ಒಂದನ್ನು ನಮ್ಮ ದೇವರ ಗೂಡಿನಲ್ಲಿಟ್ಟು ಸ್ವಾಮಿಯ ಪುಟ ತೆರೆದೆ. ಅದರ ಮೇಲೆ ಬೇರೆ ಪುಟ ತೆರೆಯುತ್ತ ಹೋದೆ. ದೇವರ ಪುಟವೇ ಆಗಬೇಕೆಂದಿರಲಿಲ್ಲ, ಸಂತೆಯ ದರ ಹೇಳುವ ಪುಟವಾದರೂ ನಡೆಯುತ್ತಿತ್ತು. ಆದರೂ ದೇವರನ್ನೇ ತೆರೆದೆ. ಹೇಳಲು ಸುಲಭ. ನನ್ನ ಕೈ ಕೇಳಬೇಕಲ್ಲ? ಎರಡನೆಯ ದಿನವೇ ಯಾವುದೋ ಯೋಚನೆಯಲ್ಲಿ ಅರ್ಧ ಪುಟಗಳನ್ನು ಮುಚ್ಚಿಬಿಟ್ಟೆ. ಮೊದಲಿಂದ ಶುರು. ಆಮೇಲೆ ಮಯೂರ, "ಯಾಕೋ ಭಾಳ ಸ್ಲೋ ಆಗಿತ್ತು, ಎಲ್ಲಾ ಸಾಫ್ ಮಾಡೀನಿ ನೋಡ," ಎಂದು ಹಲ್ಲು ತೋರಿಸುತ್ತ ಬಂದ. ಅವನಿಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಮತ್ತೆ ಮೊದಲಿಂದ ಶುರು, ಈ ಸಲ ಗೂಡಿನ ಮುಂದೆ ರಂಗೋಲಿ ಹಾಕಿದೆ. ರಂಗೋಲಿ ದಾಟಿ ಅವನು ಕೈ ಹಾಕಲಿಲ್ಲ.

ಸುಮ್ಮನೆ ಕಾಯುವುದು ನನಗೆ ಬರುತ್ತಿರಲಿಲ್ಲ. ದಿನವೂ ಬೆಳಗ್ಗೆ ಆ ಗೂಡಿನ ಮುಂದೆ ಒಂದು ಗಳಿಗೆ ಕೂರುತ್ತಿದ್ದೆ, ಮುಟ್ಟದೆ. ಹೂ ಬಾಡಿದರೆ ಬದಲಿಸುತ್ತಿದ್ದೆ. ಒಳಗೆ ಎಲ್ಲರೂ ಮಲಗಿದ್ದಾರೆ ಎನಿಸಿ ಮೆಲ್ಲಗೆ ಮಾತಾಡುತ್ತಿದ್ದೆ. ಬಿಸಿಲಿಗೆ ತಲೆ ಕೆಟ್ಟಿದೆ ಎಂದು ಮಯೂರ ಮಜ್ಜಿಗೆ ತಂದುಕೊಡುತ್ತಿದ್ದ.

ಗುರುವಾರ ಸಂಜೆ ಸ್ವಾಮಿಯ ಪುಟ ಮುಟ್ಟಿದೆ. ಫೋಟೋ ಬಂತು. ಆರತಿಯ ಹೊತ್ತಿಗೆ ಫೋಟೋ ಸರಿಯಿತು, ಟ್ಯಾಬ್ ಕರ್ರಗಾಯಿತು. "ಬಿತ್ತು! ಬಿತ್ತು!" ಎಂದು ನಾನು ಕೂಗಿದ್ದಕ್ಕೆ ಕೆಳಗಿನ ಮನೆಯವರು ಯಾರೋ ಜಾರಿಬಿದ್ದರೆಂದು ಓಡಿ ಬಂದರು. ಪ್ರತಿ ಹೆಜ್ಜೆಯೂ ದಾಖಲಾಗಿತ್ತು, ಕಂಪನಿಗೆ ಕಳಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು: ನಮ್ಮ ಸಲಕರಣೆಯಿಂದ ಪುಟವನ್ನು ಮಲಗಿಸಿ, ಎಬ್ಬಿಸಿ, ಫೋಟೋ ಸರಿಸಿ ನೋಡಿದೆವು, ನಮ್ಮಲ್ಲೂ ಬಿತ್ತು, ಇದು ಗಂಭೀರವಾದದ್ದು, ಸರಿಪಡಿಸುತ್ತಿದ್ದೇವೆ, ಅಲ್ಲಿಯವರೆಗೆ ದಯವಿಟ್ಟು ಯಾರಿಗೂ ಹೇಳಬೇಡಿ.

ನಾನು ಅಕ್ಕಲಕೋಟದ ಬಸ್ಸು ಹತ್ತಿದೆ. ಬಿಸಿಲಿನಲ್ಲಿ ದಾರಿಯೇ ತೇಲುತ್ತಿತ್ತು, ಮುಂದಿನ ಗಾಡಿಗಳು ನೀರೊಳಗಿಂದ ಎದ್ದು ಬರುತ್ತಿದ್ದವು. ವಳಸಂಗದಲ್ಲಿ ಹತ್ತಿದ ಹೆಂಗಸು ನನ್ನ ಭುಜದ ಮೇಲೇ ನಿದ್ದೆ ಹೋದಳು. ಚಪಳಗಾಂವಕ್ಕೆ ಹೋಗುವವರು ಕುರಿಯ ರೇಟಿನ ಮಾತಾಡುತ್ತಿದ್ದರು, ಆ ಮಾತೂ ಎಲ್ಲಿಂದಲೋ ದೂರದಿಂದ ಬಂದಂತೆ ಕೇಳುತ್ತಿತ್ತು. ನನಗೆ ಒಂದೇ ಖುಷಿ: ಇವತ್ತು ಅತ್ತೆ ಉಣ್ಣುತ್ತಾರೆ.

ಅತ್ತೆ ಇನ್ನೂ ಸೊರಗಿದ್ದರು. ಬಳೆಗಳು ಕೈಯಲ್ಲಿ ಮೇಲೆ ಕೆಳಗೆ ಜಾರುತ್ತಿದ್ದವು. ನಾನು ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ.

"ದೇವರ ಸಿಟ್ಟಲ್ಲರಿ ಅತ್ತಿ. ಮಲಗಿದ ಪುಟ ಎದ್ದಾಗ ಸ್ವಾಮಿ ಫೋಟೋಕ್ಕ ಒಂದು ಜಾಗಾ ಸಿಗತೈತಿ. ಆರತಿ ಬಂತಂದ್ರ ಫೋಟೋ ಜಾಗಾ ಬಿಟ್ಟು ಹೋಗತೈತಿ. ಆದ್ರ ಬ್ರೌಸರದಾಗಿನ ಒಂದು ತುಣುಕಿಗೆ ಅದು ಹೋದದ್ದು ಗೊತ್ತಾಗೂದಿಲ್ಲ. ಫೋಟೋ ಇನ್ನೂ ಅಲ್ಲೇ ಐತಂತ ಹೋಗಿ ಅದಕ್ಕ ಕೆಲಸಾ ಹೇಳತೈತಿ. ಅಲ್ಲಿ ಬ್ಯಾರೆ ಏನೋ ಬಂದು ಕುಂತಿರತೈತಿ. ಗೊಂದಲಾಗಿ ಬೀಳತೈತಿ. ಅಷ್ಟರಿ."

ಅತ್ತೆ ಗಮನವಿಟ್ಟು ಕೇಳಿದರು. "ಹಂಗಾದ್ರ ಆ ಜಾಗಾದಾಗ ಕಳ್ಳ ಬಂದು ಕುಂತಿದ್ರ?"

"ಅವನ್ನ ಫೋಟೋ ಅಂತ ತಿಳಕೊಂಡು ಅವ ಹೇಳಿದ್ದು ಕೇಳತಿತ್ತರಿ."

"ಎಲ್ಲಾರ ಫೋನಿನ್ಯಾಗೂ?"

"ಎಲ್ಲಾರ ಫೋನಿನ್ಯಾಗೂ. ನೀವು ದೇವರ ಪುಟಾ ಮುಚ್ಚಲಿಲ್ಲಂತ ಅದು ಸಿಕ್ತು. ದುರುಸ್ತಿ ಆಗೂತನಕ ಯಾರ ಮುಂದೂ ಹೇಳಬ್ಯಾಡ್ರಿ ಮತ್ತ."

ಮುಗಿಯಿತೆಂದು ನಾನು ವರದಾಳಿಗೆ ಕಣ್ಸನ್ನೆ ಮಾಡಿದೆ. ಅವಳು ಬಿಸಿ ಅನ್ನ, ಸಾರು, ತುಪ್ಪ ಹಾಕಿ ತಟ್ಟೆ ತಂದಿಟ್ಟಳು. ಅತ್ತೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ತಪ್ಪು ಯಂತ್ರದ್ದು ಅಂತೀ. ಖರೆ ಇದ್ದೀತು. ಮೊದಲ ಬರೋಬ್ಬರಿ ಕಾಣತಿತ್ತಲ್ಲ? ಯುಗಾದಿ ಪಾಡ್ವಾ ಆದ ಮ್ಯಾಲೆ ಯಾಕ ಕೆಟ್ಟಿತು?"

ಅದಕ್ಕೂ ನನ್ನ ಬಳಿ ಉತ್ತರವಿತ್ತು. "ಪುಟಾ ನಡಸೂರು ಪಾಡ್ವಾಕ್ಕ ಹೊಸಾ ನಮೂನಿ ಫೋಟೋ ಹಾಕ್ಯಾರರಿ. ಮೊದಲ ಆ ಫೋಟೋ ಇದ್ದಿಲ್ಲ."

"ಅವರಿಗೆ ಅವತ್ತ ಹಾಕೂ ಬುದ್ಧಿ ಕೊಟ್ಟಾಂವ ಯಾರು?"

ನನ್ನ ಸಿಟ್ಟು ಮೂಗಿನ ತುದಿಗೆ ಬಂದಿತ್ತು. ಇಷ್ಟು ದಿನದ ಕೆಲಸವನ್ನು ಒಂದೇ ಮಾತಿನಲ್ಲಿ ತೆಗೆದು ಬದಿಗಿಟ್ಟರಲ್ಲ! ಏನೋ ಒರಟಾಗಿ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅತ್ತೆಯ ಗಲ್ಲ ನಡುಗುವುದು ಕಂಡಿತು.

"ಸ್ವಾಮಿಗೆ ಯಾಕ ಸಿಟ್ಟು ಬಂತು ಅನ್ನೂದು ನನಗ ಗೊತ್ತೈತಿ ಶ್ರೀ. ನಿನಗೂ ಗೊತ್ತೈತಿ. ನೀ ದೊಡ್ಡ ಮನಸಿನಾಕಿ, ಬಾಯಿ ಬಿಟ್ಟು ಅನ್ನವಲ್ಲಿ."

"ಏನ್ರಿ ಅದು?"

"ಪಾಡ್ವಾಕ್ಕ ಬಂದಾಕಿ ಮರುದಿನ ಸಂಜಿಮುಂದ ಹೊಂಟಿ. ಗುರುವಾರಿತ್ತು. ಇನ್ನೊಂದು ದಿನಾ ಇರು ಅಂದೆ, ಕೆಲಸೈತಿ ಅಂದಿ. ನನಗ ಸಿಟ್ಟು ಬಂತು. ಹೊಸ್ತಿಲದಾಗ ನಿಂತು ಅಂದುಬಿಟ್ಟೆ, ನೀ ಇಲ್ಲಾಂದ್ರೂ ಈ ಮನಿಗೆ ಏನೂ ಕಮ್ಮಿ ಬೀಳೂದಿಲ್ಲ, ಹೋಗು ಅಂತ. ಮೂರುಸಂಜಿ ಹೊತ್ತು. ಅಂದದ್ದಕ್ಕ ಅಸ್ತು ಅನ್ನೂ ದೇವತಿ ಅಡ್ಡಾಡೂ ಹೊತ್ತು. ಅಂಥಾ ಹೊತ್ತಿನ್ಯಾಗ ಮನಿ ಸೊಸಿಗೆ ಅಂಥಾ ಮಾತು ಅಂತಾರೇನು ಯಾರರೆ? ನೀ ತಿರುಗಿ ಒಂದು ಮಾತು ಆಡಲಿಲ್ಲ. ತಲಿ ಹಾಕಿ ಹೂಂ ಅಂದಿ, ನಕ್ಕೊಂತ ಹೋದಿ. ಆ ನಗು ನನಗ ಅನ್ನ ಇಳಿಯಗೊಡಲಿಲ್ಲ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ನೆನಪು ಮಾಡಿಕೊಂಡೆ. ಬಾಗಿಲಲ್ಲಿ ಆಟೋ ನಿಂತಿತ್ತು. ನನ್ನ ಎರಡೂ ಕಿವಿಯಲ್ಲಿ ಇಯರ್‌ಫೋನ್ ಇದ್ದವು, ಕಂಪನಿಯವರೊಂದಿಗೆ ಮೀಟಿಂಗು ಶುರುವಾಗಿತ್ತು. ಅತ್ತೆಯ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಹುಷಾರಾಗಿ ಹೋಗು, ಮುಟ್ಟಿದ ಮೇಲೆ ಫೋನು ಮಾಡು ಎನ್ನುತ್ತಿದ್ದಾರೆ ಎಂದುಕೊಂಡೆ. ಹೂಂ ಎಂದು ತಲೆಯಾಡಿಸಿದೆ. ಅವರು ಅಂದದ್ದರಲ್ಲಿ ಒಂದಕ್ಷರವೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹಾಗೆಂದು ಹೇಳಿಬಿಡಬಹುದಿತ್ತು. ಆದದ್ದನ್ನು ಆದಂತೆ ಬರೆಯುವುದೇ ನನ್ನ ಕಸುಬು. ಆದರೆ ನಾನು ಕೇಳಿಯೇ ಇಲ್ಲವೆಂದರೆ ಈ ಮುದುಕಿ ಯಾರ ಹತ್ತಿರ ಮಾಫಿ ಕೇಳಬೇಕು? ಇಷ್ಟು ದಿನ ಹಸಿದದ್ದು ಯಾರ ಲೆಕ್ಕಕ್ಕೆ ಬೀಳಬೇಕು?

"ಕೇಳಿಸಿತ್ತರಿ," ಎಂದೆ.

ಅತ್ತೆ ಸೆರಗು ಸರಿಸಿ ನೋಡಿದರು. "ಕೆಟ್ಟ ಅನಸಿತ್ತಿಲ್ಲೋ?"

"ಭಾಳ ಕೆಟ್ಟ ಅನಸಿತ್ತರಿ. ಬಸ್ಸಿನ್ಯಾಗ ಅಳಕೋತ ಹೋಗೀನಿ."

"ಎಲ್ಲಿತನಕ?"

"ಸೋಲಾಪುರ ಮುಟ್ಟೂತನಕ. ಕಂಡಕ್ಟರ್ ನೀರು ಕೊಟ್ಟಾ."

"ಅಯ್ಯ ನನ್ನವ್ವ!" ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ತಣ್ಣಗಿತ್ತು. "ಈಗ?"

"ಈಗೇನಿಲ್ಲರಿ. ಅವತ್ತ ಬಿಟ್ಟೀನಿ. ನೀವೂ ಬಿಡ್ರಿ."

ಹೊರಗೆ ಯಾರೋ ಯಾತ್ರಿಕರು ಮರಾಠಿಯಲ್ಲಿ ಗುಡಿಯ ದಾರಿ ಕೇಳುತ್ತಿದ್ದರು. ಆಮೇಲೆ ಅತ್ತೆ ತಟ್ಟೆಯನ್ನು ತಾವೇ ಎಳೆದುಕೊಂಡರು, ಆರಿದ ಅನ್ನಕ್ಕೆ ಸಾರು ಕಲಸಿದರು, ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಭಾಳ ಅತ್ತೇನು?" ಎಂದರು ತುತ್ತು ನುಂಗಿ.

"ಭಾಳ," ಎಂದೆ. ಆಗ ನನಗೆ ನಿಜವಾಗಿಯೇ ಅಳು ಬಂತು, ತಡೆಯಲಾಗದಷ್ಟು ಬಂತು. ಅತ್ತೆ ಎಡಗೈಯಿಂದ ನನ್ನ ಬೆನ್ನು ಸವರುತ್ತ ಬಲಗೈಯಿಂದ ಉಣ್ಣುತ್ತಿದ್ದರು. ವರದಾ ಇನ್ನೊಂದು ಸೌಟು ಅನ್ನ ಹಾಕಿದಳು, ಅತ್ತೆ ಬೇಡವೆನ್ನಲಿಲ್ಲ.